ಹದಿನೇಳನೇ ತೂಬಿನ ನೀರಿನ ಮಟ್ಟ ಮಾಪಕಕ್ಕೆ ಒಂದು ದಿನದ ರಜೆ ನೀಡುವ ಕುರಿತು

ಇಲಾಖೆ
(ಇಲಾಖೆಯ ಹೆಸರು ಬದಲಾವಣೆಯ ಹಂತದಲ್ಲಿದೆ. ಹೊಸ ಹೆಸರು ಮಂಜೂರಾಗುವವರೆಗೆ ಹಳೆಯ ಹೆಸರನ್ನು ಬಳಸಕೂಡದು. ಹೊಸ ಹೆಸರನ್ನು ಊಹಿಸಕೂಡದು.)
ತಲಾಸ್ ಕಣಿವೆ ಕಾಲುವೆ ವಿಭಾಗ

ಸಂಖ್ಯೆ: ಕಾ.ತೂ/ಯಂ.ವಿ.ಕ/17/6ನೇ ಮೇಲ್ಪದರ
ದಿನಾಂಕ: ಜುಲೈ 8, ಮಂಗಳವಾರ

ಸುತ್ತೋಲೆ

ವಿಷಯ: ತೂಬುಗಳ ಯಂತ್ರಾಂಶ ವಿವರಣಾ ಕಡತಗಳ ನಿರ್ವಹಣೆ, ಅದರಲ್ಲೂ ಹದಿನೇಳನೇ ತೂಬಿನ ಕಡತದಲ್ಲಿ ಬಿಡಿಭಾಗವೆಂದು ನಮೂದಾಗಿರುವ ಶ್ರೀ ಶೈಲೋಬೆಕ್ ಅವರು ರಜೆ ಕೇಳಿರುವ ಕುರಿತು.

ಉಲ್ಲೇಖ:
1. ಮಾರ್ಚ್ 3ರ ಸುತ್ತೋಲೆ, ‘ವಿವರಣಾ ಕಡತಗಳಲ್ಲಿ ನಿಜವನ್ನೇ ಬರೆಯುವ ಕುರಿತು’.
2. ಏಪ್ರಿಲ್ 19ರ ಜ್ಞಾಪನ, ‘ಉಲ್ಲೇಖ (1)ನ್ನು ಸಿಬ್ಬಂದಿಯೊಬ್ಬರು ಪಾಲಿಸಿರುವುದು ಬೆಳಕಿಗೆ ಬಂದಿರುವ ಕುರಿತು’.
3. ಶ್ರೀ ಶೈಲೋಬೆಕ್ ಅವರ ರಜೆ ಅರ್ಜಿ. ದಿನಾಂಕವಿಲ್ಲ. ಬೀನ್ಸ್ ಚೀಲದ ಚೀಟಿಯ ಹಿಂಬದಿಯಲ್ಲಿ ಬರೆದದ್ದು.
4. ಕೆಳಸಹಿದಾರರ ನಿಟ್ಟುಸಿರು, ಜುಲೈ 4 (ಮೌಖಿಕ).

ಪ್ರಸ್ತಾವನೆ:

ವಿಭಾಗದ ನಲವತ್ತೊಂದು ತೂಬುಗಳಿಗೂ ಅಂಗೈಯಗಲದ ಒಂದೊಂದು ನಿಯಂತ್ರಣ ಬೋರ್ಡನ್ನು ಅಳವಡಿಸಲಾಗಿದ್ದು, ಅದರ ಮೇಲೆ ಪುಟ್ಟದೊಂದು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ ಓಡುತ್ತಿದೆ. ಕೇಳಿದ ಪ್ರಶ್ನೆಗೆ ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಉತ್ತರ ಕೊಡುವುದು ಸದರಿ ವ್ಯವಸ್ಥೆಯ ಗುಣವಾಗಿದ್ದು, ಈ ಗುಣವು ವಿಭಾಗದಲ್ಲಿ ಬೇರೆಲ್ಲೂ ಕಂಡುಬಂದಿರುವುದಿಲ್ಲ. ಆದರೆ ಸದರಿ ವ್ಯವಸ್ಥೆಗೆ ಕಣ್ಣಿಲ್ಲ. ತನ್ನ ಬೋರ್ಡಿಗೆ ಏನೇನು ಜೋಡಿಸಿದ್ದಾರೆ, ಯಾವ ಪಿನ್ನಿಗೆ ಯಾವ ತಂತಿ ಬಂದಿದೆ ಎಂಬುದನ್ನು ಅದು ತಾನಾಗಿ ನೋಡಲಾರದು. ಅದನ್ನೆಲ್ಲ ಬರೆದಿಡುವುದೇ ಯಂತ್ರಾಂಶ ವಿವರಣಾ ಕಡತ. ಕಡತದಲ್ಲಿ ಇರುವುದು ಇದೆ, ಕಡತದಲ್ಲಿ ಇಲ್ಲದ್ದು ಇಲ್ಲ ಎಂದು ವ್ಯವಸ್ಥೆ ನಂಬುತ್ತದೆ. ಈ ಒಂದು ವಿಷಯದಲ್ಲಿ ಅದು ಇಲಾಖೆಯ ಹಿರಿಯ ಅಧಿಕಾರಿಗಳನ್ನು ಹೋಲುತ್ತದೆಯೆಂದು ಹಿಂದಿನ ವಾರ್ಷಿಕ ವರದಿಯಲ್ಲಿ ಹೊಗಳಲಾಗಿದೆ.

ಹದಿನೇಳನೇ ತೂಬಿನ ನೀರಿನ ಮಟ್ಟ ಮಾಪಕವನ್ನು ಫೆಬ್ರವರಿಯ ಮಂಜುಗಡ್ಡೆ ಮುರಿದುಹಾಕಿತು. ಹೊಸ ಮಾಪಕಕ್ಕೆ ಟೆಂಡರ್ ಕರೆಯಲಾಗಿದೆ, ಟೆಂಡರ್ ಬರುತ್ತಿದೆ. ಕಡತದಲ್ಲಿ ಮಾಪಕವಿಲ್ಲದ ತೂಬಿಗೆ ತಂತ್ರಾಂಶ ಸಿದ್ಧವಾಗುವುದಿಲ್ಲ. ತಂತ್ರಾಂಶವಿಲ್ಲದೆ ತೂಬು ತೆರೆಯುವುದಿಲ್ಲ. ತೂಬು ತೆರೆಯದೆ ಕೆಳಗಿನ ಊರಿನ ಬೀನ್ಸ್ ಹೊಲಗಳಿಗೆ ನೀರಿಲ್ಲ. ಇಂಥ ಸಂದರ್ಭದಲ್ಲಿ ಲೋಕರೂಢಿಯಂತೆ ‘ಮಾಪಕ ಇದೆ, ಸ್ಥಿತಿ: ಸರಿ’ ಎಂದು ಬರೆದು ಸುಮ್ಮನಾಗಬಹುದಿತ್ತು. ಆದರೆ ಕಡತಗಳ ನಿರ್ವಾಹಕಿ, ಇಂಜಿನಿಯರ್ ಬುರುಲ್ ಎಸೆನಲಿಯೇವಾ ಅವರು ಉಲ್ಲೇಖ (1)ನ್ನು ಓದಿದ್ದರು.

ಅವರು ಖುದ್ದು ತೂಬಿಗೆ ಹೋಗಿ ನೋಡಲಾಗಿ, ಅಲ್ಲಿನ ಮುರಾಬ್, ಅಂದರೆ ನಲವತ್ತು ವರ್ಷಗಳಿಂದ ಹೊಲಹೊಲಕ್ಕೆ ನೀರಿನ ಸರದಿ ಹಂಚುತ್ತಿರುವ ಶ್ರೀ ಶೈಲೋಬೆಕ್, ಒಂದು ಕೋಲನ್ನು ಕಾಲುವೆಗೆ ಇಳಿಸಿ, ಮೇಲೆತ್ತಿ, ನೆಂದ ಭಾಗವನ್ನು ಗೇಣಿನಲ್ಲಿ ಅಳೆಯುತ್ತಿರುವುದು ಕಂಡುಬಂತು. ಇಂಜಿನಿಯರ್ ಅವರು ಮುರಿದ ಮಾಪಕದ ಪಿನ್ನಿಗೆ ಬಾಗಿಲ ಗಂಟೆಯ ಗುಂಡಿಯೊಂದನ್ನು ಜೋಡಿಸಿ, ಒಂದು ಗೇಣಿಗೆ ಒಂದು ಸಲ ಒತ್ತಿರೆಂದು ಹೇಳಿ, ಕಡತದಲ್ಲಿ ಇದ್ದದ್ದನ್ನು ಇದ್ದಂತೆ ಹೀಗೆ ಬರೆದಿರುತ್ತಾರೆ:

ಭಾಗ: ನೀರಿನ ಮಟ್ಟ ಮಾಪಕ
ಮಾದರಿ: ಮುರಾಬ್, ಶೈಲೋಬೆಕ್ ಅತಾ
ವಿಳಾಸ: ತೂಬಿನ ಪಕ್ಕದ ಗುಡಿಸಲು, ಎರಡು ಪಾಪ್ಲರ್ ಮರಗಳ ನಡುವೆ
ಅಳತೆಯ ಮಾನ: ಗೇಣು (ಅವರದೇ)
ಶಕ್ತಿಯ ಮೂಲ: ಚಹಾ
ಚಾಲೂ ಆಗಲು ಬೇಕಾದ ಸಮಯ: ಎರಡು ಬಟ್ಟಲು
ಸ್ಥಿತಿ: ಸರಿ

ತಂತ್ರಾಂಶವು ಒಂದೇ ಒಂದು ದೋಷವಿಲ್ಲದೆ ಸಿದ್ಧವಾಯಿತು. ಅಂದಿನಿಂದ ಹದಿನೇಳನೆಯದು ನಲವತ್ತೊಂದು ತೂಬುಗಳಲ್ಲೇ ಅತ್ಯಂತ ನಿಖರವಾದ ತೂಬಾಗಿದ್ದು, ಇದರಿಂದ ಇಲಾಖೆಗೆ ಮುಜುಗರವಾಗಿದೆ.

ಈಗ ಸದರಿ ಮಾಪಕವು ಜುಲೈ 12ರ ಶನಿವಾರ ರಜೆ ಕೇಳಿದೆ. ಮಾಪಕದ ಮೊಮ್ಮಗಳು ಬರ್ಮೆತ್ ಹೆಜ್ಜೆ ಇಡಲು ಶುರುಮಾಡಿದ್ದು, ಅಂದು ಮಗುವಿನ ಎರಡೂ ಕಾಲಿಗೆ ಕಪ್ಪುಬಿಳಿ ಉಣ್ಣೆಯ ದಾರ ಕಟ್ಟಿ, ಓಟದಲ್ಲಿ ಗೆದ್ದು ಬಂದವರ ಕೈಯಿಂದ ಅದನ್ನು ಕತ್ತರಿಸುವ ಶಾಸ್ತ್ರವಿದೆ. ದಾರ ಹೊಸೆದವರು ಅಜ್ಜ, ಕಟ್ಟಬೇಕಾದವರೂ ಅಜ್ಜನೇ. ಮಗನ ಮನೆ ಕಣಿವೆಯ ಆ ತುದಿಯಲ್ಲಿದ್ದು ಹೋಗಿಬರಲು ಪೂರ್ತಿ ಒಂದು ದಿನ ಬೇಕು. ಅದೇ ಶನಿವಾರ ಕೆಳಗಿನ ಊರಿನ ನೀರಿನ ಸರದಿಯೂ ಇದೆ. ಸರದಿ ತಪ್ಪಿದರೆ ಮತ್ತೆ ಹನ್ನೊಂದು ದಿನ. ಹೂಬಿಟ್ಟ ಬೀನ್ಸ್ ಅಷ್ಟು ದಿನ ಕಾಯುವುದಿಲ್ಲ. ಮಗುವೂ ಕಾಯುವ ಲಕ್ಷಣವಿಲ್ಲ. ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಿದೆಯೆಂದು ವರದಿಯಾಗಿದೆ.

ಈ ಹಿನ್ನೆಲೆಯಲ್ಲಿ ಎಲ್ಲ ಸಂಬಂಧಪಟ್ಟವರಿಗೂ, ಸಂಬಂಧವಿಲ್ಲವೆಂದು ಭಾವಿಸಿರುವವರಿಗೂ, ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

1. ಕಡತದಲ್ಲಿ ನಮೂದಾಗಿರುವ ಎಲ್ಲವನ್ನೂ ಯಂತ್ರಾಂಶವೆಂದೇ ಪರಿಗಣಿಸತಕ್ಕದ್ದು. ಶ್ರೀ ಶೈಲೋಬೆಕ್ ಅವರು ಮನುಷ್ಯರೂ ಹೌದೇ ಎಂಬ ಪ್ರಶ್ನೆಯು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

2. ಎಲ್ಲ ಯಂತ್ರಾಂಶಕ್ಕೂ ಉಗ್ರಾಣದ ಸಂಖ್ಯೆ ಇರತಕ್ಕದ್ದು. ಉಗ್ರಾಣಾಧಿಕಾರಿ ಶ್ರೀಮತಿ ಕಾಲಿಪಾ ಅವರು ಕೆಂಪು ಎಣ್ಣೆಬಣ್ಣದ ಡಬ್ಬಿಯೊಂದಿಗೆ ತೂಬಿಗೆ ಹೋಗಿದ್ದು, ಬರೆಯಲು ಸಮತಟ್ಟಾದ ಜಾಗ ಸಿಗದೆ ವಾಪಸಾಗಿರುತ್ತಾರೆ. ಸಂಖ್ಯೆಯನ್ನು ಮಾಪಕದ ಕಲ್ಪಕ್ ಟೋಪಿಯ ಒಳಬದಿಯಲ್ಲಿ ಹೊಲಿಯತಕ್ಕದ್ದು. ಕಲ್ಪಕನ್ನು ಯಾರೂ ನೆಲದ ಮೇಲೆ ಇಡುವುದಿಲ್ಲವಾದ್ದರಿಂದ ‘ಉಪಕರಣಗಳನ್ನು ನೆಲದ ಮೇಲೆ ಇಡಕೂಡದು’ ಎಂಬ ನಿಯಮವೂ ತಾನಾಗಿಯೇ ಪಾಲನೆಯಾಗುತ್ತದೆ.

3. ಬಿಡಿಭಾಗಗಳ ಹೆಸರಿಗೆ ‘ಅತಾ’, ‘ಬೈಕೆ’, ‘ಎಜೆ’ ಮುಂತಾಗಿ ಹಿರಿಯರಿಗೆ ಸಲ್ಲುವ ಮಾತುಗಳನ್ನು ಸೇರಿಸಕೂಡದೆಂದು ಮೇ ತಿಂಗಳಲ್ಲಿ ಸೂಚಿಸಲಾಗಿತ್ತು. ಬರಿ ‘ಶೈಲೋಬೆಕ್’ ಎಂದು ಬರೆಯಲು ತಮ್ಮ ಕೈ ಬರುವುದಿಲ್ಲವೆಂದು ಇಂಜಿನಿಯರ್ ಅವರು ಲಿಖಿತವಾಗಿ ತಿಳಿಸಿರುತ್ತಾರೆ. ಕಡತದಲ್ಲಿ ಏಕರೂಪತೆ ಮುಖ್ಯವಾದ್ದರಿಂದ, ಇನ್ನು ಮುಂದೆ ಎಲ್ಲ ಭಾಗಗಳಿಗೂ ಸೇರಿಸತಕ್ಕದ್ದು: ಮೋಟಾರ್ ಬೈಕೆ, ರಿಲೇ ಎಜೆ, ಬ್ಯಾಟರಿ ಅತಾ. 2019ರ ನಂತರ ಅಳವಡಿಸಿದ ಭಾಗಗಳನ್ನು ಏಕವಚನದಲ್ಲಿ ಕರೆಯಬಹುದು.

4. ಒಂದು ಭಾಗಕ್ಕೆ ಒಂದೇ ವಿಳಾಸ ಇರತಕ್ಕದ್ದು. ಬೇಸಿಗೆಯಲ್ಲಿ ಸದರಿ ಮಾಪಕವು ಗುಡಿಸಲಿನ ಮಾಡಿನ ಮೇಲೆ ಮಲಗುವುದರಿಂದ ವಿಳಾಸವು ಎರಡೂವರೆ ಮೀಟರ್ ಮೇಲಕ್ಕೆ ಸರಿಯುತ್ತಿರುವುದು ಗಮನಕ್ಕೆ ಬಂದಿದೆ. ಏಣಿಯನ್ನೂ ಕಡತದಲ್ಲಿ ನಮೂದಿಸತಕ್ಕದ್ದು. ಏಣಿಯ ಸ್ಥಿತಿ ‘ಸರಿ’ ಇಲ್ಲ; ಮೂರನೇ ಮೆಟ್ಟಿಲ ಬಗ್ಗೆ ಪ್ರತ್ಯೇಕ ಜ್ಞಾಪನ ಹೊರಡಲಿದೆ.

5. ನೀರಿನ ಮಟ್ಟ ತುರ್ತಾಗಿ ಬೇಕಾದಾಗ ಬೋರ್ಡು ಒಂದು ಕೆಂಪು ದೀಪ ಬೆಳಗಿ ಮಾಪಕವನ್ನು ಕರೆಯಬಹುದು. ನಮಾಜಿನ ವೇಳೆಯಲ್ಲೂ ಊಟದ ವೇಳೆಯಲ್ಲೂ ಕರೆಯಕೂಡದು. ಕುದುರೆಗಳ ಬಗ್ಗೆ ಮಾತಾಡುತ್ತಿರುವಾಗ ಕರೆಯಬಹುದು, ಆದರೆ ಉಪಯೋಗವಿಲ್ಲ.

6. ಮಾಪಕಗಳನ್ನು ವರ್ಷಕ್ಕೊಮ್ಮೆ ರಾಜಧಾನಿಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಸದರಿ ಮಾಪಕವನ್ನು ಮೂಲ ಪೆಟ್ಟಿಗೆಯಲ್ಲಿಟ್ಟು, ಹುಲ್ಲು ತುಂಬಿ, ‘ಒಡೆಯುವ ವಸ್ತು’ ಎಂದು ಬರೆದು ಕಳಿಸಲು ಪ್ರಯೋಗಾಲಯದವರು ಕೋರಿರುತ್ತಾರೆ. ಮೂಲ ಪೆಟ್ಟಿಗೆ ಲಭ್ಯವಿಲ್ಲವೆಂದು ಉತ್ತರಿಸಲಾಗಿದೆ. ಪೆಟ್ಟಿಗೆ ಕಳೆದದ್ದು ಯಾರ ಅಧಿಕಾರಾವಧಿಯಲ್ಲಿ ಎಂದು ಅವರು ಮರುಪ್ರಶ್ನೆ ಕೇಳಿದ್ದು, ಉತ್ತರ ಪರಿಶೀಲನೆಯಲ್ಲಿದೆ.

7. ಮೂಲ ಕಡತವನ್ನು ಯಾರೂ ಮುಟ್ಟಕೂಡದು. ಬದಲಾವಣೆಯೇನಿದ್ದರೂ ಮೂಲದ ಮೇಲೆ ಹೊದಿಸುವ ಮೇಲ್ಪದರ ಕಡತದಲ್ಲಿ ಬರೆಯತಕ್ಕದ್ದು. ಹದಿನೇಳನೇ ತೂಬಿಗೆ ಈವರೆಗೆ ಐದು ಮೇಲ್ಪದರಗಳಾಗಿವೆ. ಮೊದಲನೆಯದರಲ್ಲಿ ಶ್ರೀ ಶೈಲೋಬೆಕ್ ಸೇರ್ಪಡೆ, ಎರಡನೆಯದರಲ್ಲಿ ಕೋಲು, ಮೂರನೆಯದರಲ್ಲಿ ಕೆಮ್ಮು, ನಾಲ್ಕನೆಯದರಲ್ಲಿ ಕೆಮ್ಮು ವಾಸಿ, ಐದನೆಯದರಲ್ಲಿ ಕತ್ತೆ. ಕತ್ತೆಯ ಕೆಲಸವೇನೆಂದು ಕೇಳಲಾಗಿ, ‘ಏನಿಲ್ಲ, ಆದರೆ ಇದೆ’ ಎಂದು ಇಂಜಿನಿಯರ್ ಅವರು ಉತ್ತರಿಸಿದ್ದು, ಉಲ್ಲೇಖ (1)ರ ಪ್ರಕಾರ ಈ ಉತ್ತರವನ್ನು ಒಪ್ಪಲೇಬೇಕಾಗಿದೆ.

8. ಯಂತ್ರಾಂಶಕ್ಕೆ ರಜೆ ನಿಯಮಗಳು ಅನ್ವಯಿಸುವುದಿಲ್ಲ. ಕಡತದಲ್ಲಿ ಒಂದು ಭಾಗಕ್ಕೆ ಇರಬಹುದಾದ ಸ್ಥಿತಿಗಳು ಎರಡೇ: ‘ಸರಿ’ ಮತ್ತು ‘ನಿಷ್ಕ್ರಿಯ’. ‘ಮೊಮ್ಮಗಳ ಮನೆಗೆ ಹೋಗಿದ್ದಾರೆ’ ಎಂಬ ಮೂರನೇ ಸ್ಥಿತಿಯನ್ನು ಸೃಷ್ಟಿಸಲು ಇಂಜಿನಿಯರ್ ಅವರು ಸಲ್ಲಿಸಿದ ಪ್ರಸ್ತಾವವನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ.

9. ಈ ಬಗ್ಗೆ ಜುಲೈ 4ರಂದು ಕೆಳಸಹಿದಾರರ ಕೊಠಡಿಯಲ್ಲಿ ಸಭೆ ನಡೆಸಲಾಯಿತು. ನಡಾವಳಿಯನ್ನು ಕಚೇರಿ ಭಾಷೆಗೆ ತಿದ್ದಿಸಲು ಕಾಲಾವಕಾಶವಿಲ್ಲದ್ದರಿಂದ ಶೀಘ್ರಲಿಪಿಕಾರರು ಬರೆದುಕೊಂಡಂತೆಯೇ ಇಲ್ಲಿ ಅಂಟಿಸಲಾಗಿದೆ. ಇದನ್ನು ಓದುವವರು ತಿದ್ದಿ ಓದಿಕೊಳ್ಳತಕ್ಕದ್ದು.

ಮೆಲಿಸ್ ಕದಿರೋವಿಚ್ (ಉಪ ನಿರ್ದೇಶಕರು, ಕೆಳಸಹಿದಾರರು): ಬುರುಲ್, ಹೋಗಿ ಹೋಗಿ ಮನುಷ್ಯನ್ನ ಪಿನ್ನಿಗೆ ಜೋಡಿಸಿದ್ದೀಯಲ್ಲಮ್ಮ.

ಬುರುಲ್: ನಾನು ಜೋಡಿಸಲಿಲ್ಲ ಮೆಲಿಸ್ ಕದಿರೋವಿಚ್. ಅವರು ಮೊದಲಿಂದ್ಲೂ ಅಲ್ಲೇ ಇದ್ರು. ನಾನು ಬರೆದೆ, ಅಷ್ಟೇ.

ಕಾಲಿಪಾ: ಬರೆಯೋ ಮುಂಚೆ ಉಗ್ರಾಣಕ್ಕೆ ಒಂದು ಮಾತು ಹೇಳ್ಬಾರ್ದಾ? ನನ್ನ ಪಟ್ಟೀಲಿ ಈಗ ಒಬ್ಬ ಮುದುಕ ಜಾಸ್ತಿ, ಒಂದು ಕತ್ತೆ ಜಾಸ್ತಿ. ತಪಾಸಣೆಗೆ ಬಂದವರಿಗೆ ಕಪಾಟು ತೆಗೆದು ಏನ್ ತೋರಿಸ್ಲಿ?

ಶೈಲೋಬೆಕ್: ಟೀ ಸಿಗತ್ತಾ ಇಲ್ಲಿ?

ಬುರುಲ್: ಕೊಡಿ ಎಜೆ. ಎರಡು ಬಟ್ಟಲು ಆಗೋವರೆಗೂ ಅವರು ಚಾಲೂ ಆಗಲ್ಲ. ಕಡತದಲ್ಲೇ ಇದೆ.

(ಎರಡು ಬಟ್ಟಲು.)

ಮೆಲಿಸ್ ಕದಿರೋವಿಚ್: ಬೈಕೆ, ಬೇಜಾರು ಮಾಡ್ಕೋಬೇಡಿ. ಶನಿವಾರ ಒಂದಿನ ನಿಮ್ಮ ಮುಂದೆ ‘ನಿಷ್ಕ್ರಿಯ’ ಅಂತ ಹಾಕ್ಬಿಡೋಣ. ಭಾನುವಾರ ಮತ್ತೆ ‘ಸರಿ’.

ಶೈಲೋಬೆಕ್: ಎಪ್ಪತ್ತೊಂದು ವರ್ಷ ಆಯ್ತು ತಮ್ಮಾ. ನನ್ನ ಹೆಂಡ್ತಿ ಕೂಡ ಇನ್ನೂ ಆ ಮಾತು ಅಂದಿಲ್ಲ.

ಬುರುಲ್: ಹಾಕಿದ್ರೂ ಆಗಲ್ಲ. ಮಾಪಕ ನಿಷ್ಕ್ರಿಯ ಅಂದ್ರೆ ತಂತ್ರಾಂಶ ಸಿದ್ಧ ಆಗಲ್ಲ, ತೂಬು ಮುಚ್ಕೊಂಡೇ ಇರತ್ತೆ. ಕೆಳಗಿನೂರಿನವರು ಗುದ್ದಲಿ ಹಿಡ್ಕೊಂಡು ನಿಮ್ಮ ಕೊಠಡಿಗೆ ಬರ್ತಾರೆ.

ಮೆಲಿಸ್ ಕದಿರೋವಿಚ್: ಹಾಗಾದ್ರೆ ಪಕ್ಕದ ಹೊಲದವನು ಯಾರಾದ್ರೂ ಬಂದು ಗುಂಡಿ ಒತ್ತಲಿ. ಯಾರ ಬೆರಳು ಅಂತ ಬೋರ್ಡಿಗೇನು ಗೊತ್ತಾಗತ್ತೆ?

ಬುರುಲ್: ಬೋರ್ಡಿಗೆ ಗೊತ್ತಾಗಲ್ಲ. ಕಡತದಲ್ಲಿ ಶೈಲೋಬೆಕ್ ಅತಾ ಅಂತ ಇರತ್ತೆ, ಗುಂಡಿ ಹತ್ರ ಇನ್ಯಾರೋ ಇರ್ತಾರೆ. ಅಂದ್ರೆ ಕಡತ ಸುಳ್ಳು. ಮಾರ್ಚ್ ಮೂರನೇ ತಾರೀಕಿನ ಸುತ್ತೋಲೆ, ನೀವೇ ಸಹಿ ಹಾಕಿದ್ದು.

ಮೆಲಿಸ್ ಕದಿರೋವಿಚ್: ನಾನು ಸಹಿ ಹಾಕೋದನ್ನೆಲ್ಲ ಪಾಲಿಸ್ತಾ ಕೂತ್ಕೊಂಡ್ರೆ ಹೇಗಮ್ಮ?

ಶೈಲೋಬೆಕ್: ಪಕ್ಕದ ಹೊಲದವನು ಬೇಡ್ವೇ ಬೇಡ. ಅವನ ಸರದಿ ಬಂದಾಗ ಅವನ ಗೇಣು ಉದ್ದ ಆಗತ್ತೆ. ನಲವತ್ತು ವರ್ಷದಿಂದ ನೋಡ್ತಿದ್ದೀನಿ.

ಕಾಲಿಪಾ: ಹಾಗಾದ್ರೆ ಹಬ್ಬ ಮುಂದಕ್ಕೆ ಹಾಕ್ಸಿ.

ಶೈಲೋಬೆಕ್: ಬೀಗರಿಗೆ ಹೇಳಿಯಾಗಿದೆ, ಕುರಿ ನೋಡಿಯಾಗಿದೆ. ಮಗು ಒಂದಕ್ಕೇ ಇನ್ನೂ ತಾರೀಖು ಹೇಳಿಲ್ಲ. ಅದು ಅದರ ಪಾಡಿಗೆ ನಡೀತಿದೆ. (ಜೇಬಿನಿಂದ ದಾರ ತೆಗೆದು ಮೇಜಿನ ಮೇಲೆ ಇಡುತ್ತಾರೆ.) ಹೋಗ್ಲಿ ಬಿಡು ತಮ್ಮಾ. ನಾನು ತೂಬು ಬಿಟ್ಟು ಹೋಗಲ್ಲ. ದಾರ ಕಳ್ಸ್ಕೊಡ್ತೀನಿ, ಯಾರಾದ್ರೂ ಕಟ್ತಾರೆ.

ಕಾಲಿಪಾ: ಚೆನ್ನಾಗಿ ಹೊಸೆದಿದ್ದೀರಿ ಬೈಕೆ.

ಶೈಲೋಬೆಕ್: ಕಪ್ಪು ನಮ್ಮ ಕುರೀದು. ಬಿಳಿ ಬೀಗರದು.

(ಉಲ್ಲೇಖ (4)ರ ನಿಟ್ಟುಸಿರು ಇಲ್ಲಿಗೆ ಸೇರಿದ್ದಾಗಿರುತ್ತದೆ.)

10. ಮೇಲ್ಕಂಡ ನಡಾವಳಿಯನ್ನು ಪರಿಗಣಿಸಿ, ಜುಲೈ 12ರ ಒಂದು ದಿನದ ಮಟ್ಟಿಗೆ ಬದಲಿ ಮಾಪಕವನ್ನು ಅಳವಡಿಸಿ ಅದನ್ನು ಕಡತದಲ್ಲಿ ನಿಜವಾಗಿ ನಮೂದಿಸಲು ನಿರ್ಧರಿಸಲಾಗಿದೆ. ಬದಲಿ ಮಾಪಕವು
(ಅ) ಮೂಲ ಮಾಪಕದ ಮಾದರಿಯದೇ ಆಗಿರತಕ್ಕದ್ದು, ಅಂದರೆ ಉಸಿರಾಡತಕ್ಕದ್ದು;
(ಆ) ಅದರ ಗೇಣು ಮೂಲ ಮಾಪಕದ ಗೇಣಿನಂತೆ ಸರಿಯಾಗಿ 23 ಸೆಂಟಿಮೀಟರ್ ಇರತಕ್ಕದ್ದು;
(ಇ) ತೂಬಿನ ಕೆಳಗೆ ಸ್ವಂತ ಹೊಲವನ್ನಾಗಲೀ, ಹೊಲವಿರುವ ಭಾವಮೈದುನನನ್ನಾಗಲೀ ಹೊಂದಿರಕೂಡದು;
(ಈ) ಚಹಾದಿಂದ ನಡೆಯತಕ್ಕದ್ದು;
(ಉ) ಕಡತ ಬರೆಯುವವರು ಆಗಿರಕೂಡದು. ಕಡತ ಬರೆಯುವವರೇ ಕಡತದೊಳಗೆ ಹೋಗಿ ಕುಳಿತರೆ ಅವರನ್ನು ಹೊರಗೆ ತೆಗೆಯುವವರಿರುವುದಿಲ್ಲ.

11. ಈ ಸಲುವಾಗಿ ಜುಲೈ 7ರ ಸೋಮವಾರ ವಿಭಾಗದ ಮೂವತ್ತೆಂಟು ಸಿಬ್ಬಂದಿಯ ಗೇಣನ್ನು ಉಗ್ರಾಣಾಧಿಕಾರಿಯವರು ಟೇಪು ಹಿಡಿದು ಅಳೆದಿರುತ್ತಾರೆ. ಮೂವತ್ತಾರು ಮಂದಿ ಗಾತ್ರದಲ್ಲಿ ಅನುತ್ತೀರ್ಣರಾದರು. ವಾಹನ ಚಾಲಕರ ಗೇಣು 23 ಬಂದರೂ ಅವರಿಗೆ ಭಾವಮೈದುನನಿದ್ದಾನೆ. ಉಳಿದ ಒಬ್ಬ ಅಧಿಕಾರಿಯ ಗೇಣು ಬೆಳಿಗ್ಗೆ 22 ಬಂದಿತ್ತು. ಊಟದ ನಂತರ ಸದರಿ ಅಧಿಕಾರಿಯು ಯಾರೂ ಕರೆಯದೆ ಉಗ್ರಾಣಕ್ಕೆ ಬಂದು, ಬಾಗಿಲು ಮುಂದೆ ಮಾಡಿ, ಇನ್ನೊಮ್ಮೆ ಅಳೆಯುವಂತೆ ಕೋರಿರುತ್ತಾರೆ. ಎರಡನೇ ಅಳತೆಯಲ್ಲಿ ಹೆಬ್ಬೆರಳು ಬಿಳಿಚಿಕೊಳ್ಳುವಷ್ಟು ಚಾಚಿರುವುದು ಕಂಡುಬಂದಿದ್ದು, 23 ಎಂದು ದಾಖಲಿಸಲಾಗಿದೆ. ಇದು ನಿಜವೇ ಎಂದು ಉಗ್ರಾಣಾಧಿಕಾರಿಯವರನ್ನು ಕೇಳಲಾಗಿ, ‘ಟೇಪು ಹೇಳ್ತಿದೆ, ನಾನಲ್ಲ’ ಎಂದಿರುತ್ತಾರೆ. ಸದರಿ ಅಧಿಕಾರಿಯ ಹೆಸರನ್ನು ಸುತ್ತೋಲೆಯ ಈ ಹಂತದಲ್ಲಿ ಬಹಿರಂಗಪಡಿಸಕೂಡದು.

12. ಕೆಳಸಹಿದಾರರ ಸ್ವಂತ ಮಗಳ ಕಾಲಿನ ದಾರ ಕತ್ತರಿಸಿದ ದಿನ ಅವರು ನಮೂನೆ 4ರ ಮೂರನೇ ಅಂಕಣವನ್ನು ಪರಿಷ್ಕರಿಸುವ ಸಭೆಯಲ್ಲಿದ್ದರು ಎಂಬುದೂ, ಆ ಅಂಕಣವನ್ನು ಮರುವರ್ಷ ತೆಗೆದುಹಾಕಲಾಯಿತು ಎಂಬುದೂ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲ. ಆದ್ದರಿಂದ ಅದನ್ನು ಇಲ್ಲಿ ನಮೂದಿಸಿರುವುದಿಲ್ಲ.

13. ಬದಲಿ ಮಾಪಕಕ್ಕೆ ವಿಶೇಷ ಸೂಚನೆಗಳು: ಗುಂಡಿಯನ್ನು ತನ್ನ ಸ್ವಂತ ಬೆರಳಿನಿಂದ ಒತ್ತತಕ್ಕದ್ದು, ಒತ್ತುವಂತೆ ಇನ್ನೊಬ್ಬರಿಗೆ ಸೂಚಿಸಕೂಡದು. ತೂಬಿನ ಬಳಿ ಸಭೆ ಕರೆಯಕೂಡದು. ನೀರು ಏರಿದರೆ ಏಕೆ ಏರಿತೆಂದು ಕಾಲುವೆಯಿಂದ ಲಿಖಿತ ವಿವರಣೆ ಕೇಳಕೂಡದು. ಮೂರೂವರೆ ಗೇಣನ್ನು ‘ಸುಮಾರು ನಾಲ್ಕು’ ಎಂದು ಮಾಡಕೂಡದು. ಕತ್ತೆಯು ಬದಲಿ ಮಾಪಕಕ್ಕಿಂತ ಕಡತದಲ್ಲಿ ಹಿರಿಯದಾದ್ದರಿಂದ ಅದನ್ನು ಗದರಿಸಕೂಡದು. ಏಣಿಯ ಮೂರನೇ ಮೆಟ್ಟಿಲನ್ನು ಬಳಸಕೂಡದು.

14. ಮೂಲ ಮಾಪಕವು ಶನಿವಾರ ಬೆಳಗಾಗುವ ಮುನ್ನ ಕೋಲನ್ನು ಬದಲಿ ಮಾಪಕದ ಕೈಗೊಪ್ಪಿಸಿ ರಸೀದಿ ಪಡೆದು ಹೊರಡತಕ್ಕದ್ದು. ಆವರಣದಿಂದ ಯಂತ್ರಾಂಶ ಹೊರಗೊಯ್ಯುವ ಪರವಾನಗಿಯನ್ನು ಮಾಪಕವು ತನ್ನನ್ನೇ ಒಯ್ಯುತ್ತಿರುವುದಾಗಿ ಭರ್ತಿ ಮಾಡತಕ್ಕದ್ದು. ‘ಹಿಂತಿರುಗಿಸುವ ಸ್ಥಿತಿ’ ಎಂಬ ಕಡೆ ‘ಹಬ್ಬದ ಊಟ ಆದ ನಂತರದ ಸ್ಥಿತಿ’ ಎಂದು ಬರೆದರೆ ಆಕ್ಷೇಪವಿರುವುದಿಲ್ಲ.

ಈ ಸುತ್ತೋಲೆಯು ಮುಂದಿನ ಯಾವುದೇ ಮೊಮ್ಮಕ್ಕಳಿಗೆ ಪೂರ್ವನಿದರ್ಶನವಾಗತಕ್ಕದ್ದಲ್ಲ.

(ಸಹಿ)
ಮೆಲಿಸ್ ಕದಿರೋವಿಚ್ ಜುಮಾಗುಲೋವ್
ಉಪ ನಿರ್ದೇಶಕರು
ಹಾಗೂ
ನೀರಿನ ಮಟ್ಟ ಮಾಪಕ (ಪ್ರಭಾರ), ಹದಿನೇಳನೇ ತೂಬು
ಸ್ಥಿತಿ: ಸರಿ

ಪ್ರತಿಗಳು:
1. ಇಂಜಿನಿಯರ್ ಬುರುಲ್ ಎಸೆನಲಿಯೇವಾ ಅವರಿಗೆ, ಆರನೇ ಮೇಲ್ಪದರವಾಗಿ ಸೇರಿಸಲು. ಚಾಲೂ ಆಗಲು ನಾಲ್ಕು ಬಟ್ಟಲು ಎಂದು ತಿದ್ದಿಕೊಳ್ಳುವುದು. ಸಕ್ಕರೆ ಬೇಡ, ವೈದ್ಯರು ಬೈಯುತ್ತಾರೆ.
2. ಉಗ್ರಾಣಾಧಿಕಾರಿ ಶ್ರೀಮತಿ ಕಾಲಿಪಾ ಅವರಿಗೆ. ಸಂಖ್ಯೆಯನ್ನು ಕೆಳಸಹಿದಾರರ ಟೋಪಿಯ ಒಳಬದಿಗೇ ಹೊಲಿಯಲು ಕೋರಿದೆ. ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಹಾಕುವುದು.
3. ಕೆಳಗಿನ ಊರಿನ ಬೀನ್ಸ್ ಬೆಳೆಗಾರರಿಗೆ. ಶನಿವಾರ ನೀರು ಬರುತ್ತದೆ. ಗುದ್ದಲಿಗಳನ್ನು ಹೊಲದಲ್ಲೇ ಬಳಸುವುದು.
4. ಪ್ರಯೋಗಾಲಯಕ್ಕೆ. ಎರಡನೇ ಪೆಟ್ಟಿಗೆಯೂ ಲಭ್ಯವಿಲ್ಲ.
5. ಶ್ರೀ ಶೈಲೋಬೆಕ್ ಅವರಿಗೆ, ದಾರದ ಸಮೇತ. ಮೇಜಿನ ಮೇಲೆ ಬಿಟ್ಟುಹೋಗಿದ್ದರು.
6. ಕತ್ತೆಗೆ, ಓದಿ ಹೇಳಲು.
7. ಕುಮಾರಿ ಬರ್ಮೆತ್, ವಯಸ್ಸು ಹನ್ನೊಂದು ತಿಂಗಳು, ಅವರ ಅವಗಾಹನೆಗಾಗಿ. ಶನಿವಾರದವರೆಗೆ ದಯವಿಟ್ಟು ಗೋಡೆ ಬಿಡದಂತೆ ಕೋರಲಾಗಿದೆ.